ಅಳಿಸು

'ಅಳಿಸು' ಕ್ರಿಯಾಪದದ ಬೇರು 'ಅಳಿ'. ನಾಶವಾಗು, ಇಲ್ಲವಾಗು ಎಂದು ಅರ್ಥ. ಹಳಗನ್ನಡದಲ್ಲಿ ಇದು ೞಕಾರದ 'ಅೞಿ'. ತಮಿಳಿನಲ್ಲಿ ಇಂದಿಗೂ ಹಾಗೆಯೇ ಇದೆ. 'ಇಸು' ಸೇರಿದಾಗ ಇಲ್ಲವಾಗಿಸು ಎಂದಾಯಿತು. ಅಳಿವು, ಅಳಿದುಳಿದ, ಅಳಿವಿನಂಚು ಎಲ್ಲವೂ ಇದೇ ಮನೆಯ ಮಾತುಗಳು. (ಮಗುವನ್ನು ಅಳಿಸುವ 'ಅಳಿಸು' ಬೇರೆ, ಅದರ ಮೂಲ 'ಅಳು'.)

ಸ್ಲೇಟಿನ ಬರಹಕ್ಕೆ ಸಲ್ಲುತ್ತಿದ್ದ ಪದ ಕಂಪ್ಯೂಟರಿನ 'ಡಿಲೀಟ್'ಗೂ ಸಂದಿತು. ಡಿಲೀಟ್‌ನ ಮೂಲವಾದ ಲ್ಯಾಟಿನ್ನಿನ 'ಡೆಲೇರೆ'ಗೂ ಅಳಿಸು, ನಾಶಮಾಡು ಎಂದೇ ಅರ್ಥ. ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಅಷ್ಟು ನಡೆಯುವುದಿಲ್ಲ. ರೀಸೈಕಲ್ ಬಿನ್ ಖಾಲಿ ಮಾಡಿದರೂ ಸಾಮಾನ್ಯವಾಗಿ ಹೋಗುವುದು ಫೈಲಿನ ನಮೂದು. ಆ ಜಾಗ ಖಾಲಿ ಎಂದು ಗುರುತಾಗುತ್ತದೆ. ಅದರ ಮೇಲೆ ಹೊಸದನ್ನು ಬರೆಯುವವರೆಗೆ ಹಳೆಯ ಮಾಹಿತಿ ಅಲ್ಲೇ ಇರುತ್ತದೆ, ಮರಳಿ ಪಡೆಯುವ ತಂತ್ರಾಂಶಗಳಿಗೆ ಸಿಗುತ್ತದೆ. ಹಳೆಯ ಕಂಪ್ಯೂಟರ್ ಮಾರುವವರು ಇದನ್ನು ತಿಳಿದಿರಲೇಬೇಕು.

ಅಳಿಸಿದ್ದು ಮರಳಿ ಸಿಗದಂತೆ ಮಾಡಲು 1996ರಲ್ಲಿ ಸಂಶೋಧಕ ಪೀಟರ್ ಗುಟ್‌ಮನ್ 35 ಸಲ ಮೇಲೆ ಬರೆಯುವ ಕ್ರಮವೊಂದನ್ನು ಸೂಚಿಸಿದ್ದರು. ಇಂದಿನ ಹಾರ್ಡ್ ಡಿಸ್ಕಿಗೆ ಸಾಮಾನ್ಯವಾಗಿ ಒಂದೇ ಸಲ ಪೂರ್ತಿ ಬರೆದರೆ ಸಾಕು. ಎಸ್‌ಎಸ್‌ಡಿಯ ಕಥೆ ಬೇರೆ: ಅದು ಸವೆತ ಒಂದೇ ಕಡೆ ಆಗದಿರಲೆಂದು ಬರಹವನ್ನು ಬೇರೆ ಬೇರೆ ಕಡೆ ಹಂಚುತ್ತದೆ, ಹಾಗಾಗಿ ಮೇಲೆ ಬರೆಯುವುದನ್ನು ನೆಚ್ಚಲಾಗದು. ಅದರೊಳಗೇ ಇರುವ ಅಳಿಸುವ ಆದೇಶವನ್ನು ಬಳಸಬೇಕು.

ಈ ಪೂರ್ತಿ ಕೆಲಸಕ್ಕೆ 'ಶಾಶ್ವತವಾಗಿ ಅಳಿಸು' ಎನ್ನುವುದಕ್ಕಿಂತ 'ಅಳಿಸಿಹಾಕು' ನನಗೆ ಹೆಚ್ಚು ಒಪ್ಪಿಗೆ. ಸುಟ್ಟುಹಾಕು, ಕಿತ್ತುಹಾಕು ಎನ್ನುವಾಗಿನಂತೆ ಕೆಲಸ ಮುಗಿದೇ ಹೋಯಿತೆಂಬ ಭಾವವನ್ನು ಇಲ್ಲಿಯೂ 'ಹಾಕು' ಕೊಡುತ್ತದೆ.