ಆಯುಧ ಪೂಜೆಯ ಸನೀನಿಗೆ ಎಷ್ಟು ಬೆಲೆ?

ದಸರಾಕ್ಕೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಆಂಡರ್ಸನ್‌ಪೇಟೆ. ಆಫೀಸಿನಲ್ಲಿ ಹೀಗಂದ್ರೆ ಯಾರಿಗೂ ಗೊತ್ತಾಗಲ್ಲ. ಕೆಜಿಎಫ್ ಅಂದ ಕೂಡಲೇ ಯಶ್ ಡೈಲಾಗ್ ಶುರು ಮಾಡ್ತಾರೆ :-) ಅದಕ್ಕೇ ನಾನು ಬಂಗಾರಪೇಟೆ ಕಡೆ ಅಂತ ಹೇಳಿ ಸುಮ್ಮನಾಗೋದು.

ಈ ಸಲ ಹೋದಾಗ ಚಿಕ್ಕಪ್ಪ ಕಾಯ್ತಾ ಕೂತಿದ್ದರು. ಬ್ಯಾಗ್ ಇಡೋಕೂ ಬಿಡದೆ, "ನೀನು ಕಂಪ್ಯೂಟರ್‌ನವನು, ನಮ್ಮ ಸನೀನಿಗೆ ಎಷ್ಟು ಬರುತ್ತೆ ನೋಡಿ ಹೇಳು" ಅಂದರು.

ಸನೀನು ಅಂದ್ರೆ ಬಯೋನೆಟ್, ಬಂದೂಕಿನ ಮೂತಿಗೆ ಸಿಗಿಸುವ ಕತ್ತಿ. ಆ ಪದ ಬಳಸ್ತಿದ್ದದ್ದು ನಮ್ಮಜ್ಜಿ. ನಮ್ಮನೇಲಿ ಅಂಥದ್ದೊಂದು ಇದೆ, ಅಜ್ಜನ ಕಾಲದ್ದು. ಅಜ್ಜ ಗಣಿಯೊಳಗೆ ಇಳಿದು ಕೆಲಸ ಮಾಡಿದವರು. ದೊರೆಗಳು ಬಂಗಲೆ ಖಾಲಿ ಮಾಡಿ ಹೋಗುವಾಗ ಸಾಮಾನು ಹರಾಜಾಯ್ತು, ಅದರಲ್ಲಿ ಕೊಂಡಿದ್ದು ಅಂತ ಅಜ್ಜಿ ಹೇಳ್ತಿದ್ದಳು. ಗುಜರಿಯಲ್ಲಿ ಸಿಕ್ಕಿದ್ದು ಅಂತ ಚಿಕ್ಕಪ್ಪ. ಯಾವುದಕ್ಕೂ ಒಂದು ಚೀಟಿ ಇಲ್ಲ. ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ಅಟ್ಟದ ಮೇಲಿರುತ್ತೆ. ಆಯುಧ ಪೂಜೆ ದಿನ ಮಾತ್ರ ಕೆಳಗಿಳಿದು, ಇಟ್ಟಿಗೆ ಪುಡಿಯಲ್ಲಿ ಉಜ್ಜಿಸಿಕೊಂಡು, ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಬೂದುಗುಂಬಳ ಒಡೆಯುತ್ತೆ.

ಚಿಕ್ಕಪ್ಪನ ತಲೆಗೆ ಹುಳ ಬಿಟ್ಟಿದ್ದು ಟಿಪ್ಪು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್‌ನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ, ಅಂದ್ರೆ ಸುಮಾರು 140 ಕೋಟಿ ರೂಪಾಯಿಗೆ ಹೋಯ್ತಲ್ಲ, ಆ ಸುದ್ದಿಯ ವಿಡಿಯೋ ಅವರ ಫೋನಿಗೆ ಬಂದಿತ್ತು. "ಅಷ್ಟು ಬೇಡಪ್ಪ, ಎರಡು ಲಕ್ಷ ಬಂದ್ರೂ ಸಾಕು." ಅವರ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಫೀಸಿಗೆ ಒದ್ದಾಡ್ತಿದ್ದಾರೆ. ತಮಾಷೆ ಮಾಡೋ ಹಾಗಿರಲಿಲ್ಲ. ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ, ಪಕ್ಕದಲ್ಲಿ ಟಾರ್ಚು, ಭೂತಗನ್ನಡಿ, ಸನೀನು.

ಗುರುತು ಹಿಡಿಯೋದು ಅಷ್ಟು ಕಷ್ಟವಾಗಲಿಲ್ಲ. ಅಲಗು 17 ಇಂಚು, ತೂಕ ಅರ್ಧ ಕಿಲೋಗೆ ಸ್ವಲ್ಪ ಕಮ್ಮಿ. ಹಿಡಿಯ ಎರಡೂ ಬದಿ ಮರದ ಪಟ್ಟಿ. ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಬ್ರಿಟಿಷರು ಮಾಡಿದ 1907ರ ಮಾದರಿ. ಆ ವಿನ್ಯಾಸಕ್ಕೆ ಸ್ಫೂರ್ತಿ ಜಪಾನೀಯರ ಬಯೋನೆಟ್ ಅನ್ನೋದು ನನಗೆ ಹೊಸ ವಿಷಯ. ಹಿಡಿಯ ತುದಿಯಲ್ಲೊಂದು ಸಣ್ಣ ತೂತು ಇದೆ. ಒಳಗೆ ಸೇರುವ ಮಣ್ಣು ಹೊರಬೀಳಲಿ ಅಂತ 1916ರಿಂದ ಕೊರೆಯಲು ಶುರು ಮಾಡಿದರಂತೆ. ಹಾಗಂತ ನಮ್ಮದು 1916ರ ನಂತರದ್ದು ಅಂತ ಹೇಳೋಕಾಗಲ್ಲ, ಹಳೆಯವುಗಳಿಗೂ ಆಮೇಲೆ ತೂತು ಕೊರೆದಿದ್ದಾರೆ.

ವರ್ಷ ಗೊತ್ತಾಗಬೇಕಾದರೆ ಅಲಗಿನ ಬುಡ ನೋಡಬೇಕು. ಅಲ್ಲಿ ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಅಕ್ಷರ, 1907 ಅಂತ ಮಾದರಿಯ ವರ್ಷ, ತಯಾರಾದ ತಿಂಗಳು, ವರ್ಷ, ಕಂಪನಿಯ ಹೆಸರು ಇರುತ್ತೆ. ಇನ್ನೊಂದು ಬದಿಯಲ್ಲಿ ಸರ್ಕಾರಿ ಬಾಣದ ಗುರುತು, ಅಲಗನ್ನು ಬಗ್ಗಿಸಿ ಪರೀಕ್ಷೆ ಮಾಡಿದ್ದಕ್ಕೆ ಒಂದು X ಗುರುತು. ನಮ್ಮದರಲ್ಲಿ ಕಿರೀಟದ ಅರ್ಧ ಕಾಣುತ್ತೆ. 1907ರಲ್ಲಿ 19 ಇದೆ. ಉಳಿದದ್ದು ನುಣ್ಣಗೆ ಕನ್ನಡಿ! ಎಷ್ಟೋ ದಸರಾಗಳ ಇಟ್ಟಿಗೆ ಪುಡಿ, ಅಜ್ಜಿ ಹೋದ ಮೇಲೆ ಚಿಕ್ಕಪ್ಪನ ಉಪ್ಪು ಕಾಗದ. ಸಾಲದ್ದಕ್ಕೆ ಕುಂಬಳ ಒಂದೇ ಏಟಿಗೆ ಸೀಳಲಿ ಅಂತ ಸಾಣೆಯವನ ಹತ್ತಿರ ಎರಡು ಸಲ ಸಾಣೆ ಬೇರೆ.

ಸಂಗ್ರಾಹಕರು ದುಡ್ಡು ಕೊಡೋದು ಹೆಚ್ಚಾಗಿ ಆ ಅಳಿಸಿಹೋದ ಜಾಗಕ್ಕೇ. ಉಕ್ಕಿಗೆ ಅಂಥ ಬೆಲೆ ಏನಿಲ್ಲ. ಮೊದಲ ಮಹಾಯುದ್ಧಕ್ಕೆ ವಿಲ್ಕಿನ್ಸನ್ ಕಂಪನಿ ಒಂದೇ 20 ಲಕ್ಷಕ್ಕೂ ಹೆಚ್ಚು ಮಾಡಿತ್ತು, ಅಪರೂಪ ಅನ್ನೋ ಮಾತೇ ಇಲ್ಲ. ಅದಕ್ಕೇ ಒರೆ ಸಮೇತ ಚೆನ್ನಾಗಿರುವ ಮಾಮೂಲಿ 1907 ಮಾದರಿಗೆ ಅಮೆರಿಕದಲ್ಲಿ ಹೆಚ್ಚುಕಮ್ಮಿ 100ರಿಂದ 200 ಡಾಲರ್. ರೆಮಿಂಗ್ಟನ್ ಮಾಡಿದ್ದು ಸುಮಾರು 1 ಲಕ್ಷ ಅಷ್ಟೇ, ಅದಕ್ಕೆ ಜಾಸ್ತಿ. ಮೊದಮೊದಲು ಹಿಡಿಯ ಅಡ್ಡಪಟ್ಟಿಯಲ್ಲಿ ಒಂದು ಕೊಕ್ಕೆ ಇರುತ್ತಿತ್ತು, 1913ರಲ್ಲಿ ಅದನ್ನು ಕೈಬಿಟ್ಟರು. ಕೊಕ್ಕೆ ಉಳಿದಿರುವ ಅಸಲಿಗೆ ಮೂರು ನಾಲ್ಕು ಪಟ್ಟು ಬೆಲೆ. ಹಾಗಾಗಿ ಮಾಮೂಲಿ ಬಯೋನೆಟ್ಟಿಗೆ ಕೊಕ್ಕೆ ಬೆಸುಗೆ ಹಾಕಿ ಮಾರುವ ಕಿಲಾಡಿಗಳೂ ಇದ್ದಾರೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇದೆಲ್ಲ ಉದ್ದ ಜಾಸ್ತಿ ಅನ್ನಿಸಿ, ನಮ್ಮ ದೇಶದಲ್ಲಿ ಎಷ್ಟನ್ನೋ 12 ಇಂಚಿಗೆ ಕತ್ತರಿಸಿದರು. ಅವಕ್ಕೆ ಇನ್ನೂ ಕಮ್ಮಿ. ಆಗಲೇ ಬಂದ ಮೊಳೆಯಂಥ 8 ಇಂಚಿನದ್ದಕ್ಕೆ 30-50 ಡಾಲರ್ ಸಿಕ್ಕರೆ ಪುಣ್ಯ.

ಉಜ್ಜಿ ಹೊಳಪು ಮಾಡಿದ್ದು, ಆಮೇಲೆ ಸಾಣೆ ಹಿಡಿದಿದ್ದು ಅಂದ್ರೆ ಸಂಗ್ರಾಹಕರು ಮುಖ ಸಿಂಡರಿಸ್ತಾರೆ. ಕಪ್ಪಗೆ ಕಿಲುಬು ಹಿಡಿದಿದ್ದೇ ಅವರಿಗೆ ಚಂದ. ನಮ್ಮ ಪೂಜೆಯೇ ಅವರ ಪಟ್ಟಿಯಲ್ಲಿ ದೊಡ್ಡ ಊನ!

ಹಾಗಂತ ಪೆಟ್ಟು ಬಿದ್ದಿದ್ದೆಲ್ಲ ಅಗ್ಗ ಅಂತಲೂ ಅಲ್ಲ. ಬೂದಿಕೋಟೆ ನಮ್ಮ ಬಂಗಾರಪೇಟೆ ತಾಲೂಕಿನಲ್ಲೇ ಇದೆ, ಹೈದರಾಲಿ ಹುಟ್ಟಿದ ಊರು. ಅವನ ಮಗ ಟಿಪ್ಪುವಿನ ಆಯುಧಶಾಲೆಯ ಒಂದು ಬಂದೂಕು, ಬಯೋನೆಟ್ ಸಮೇತ, 2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ ಹರಾಜಾಯ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಕೊಂಡೊಯ್ದ ವಸ್ತುಗಳಲ್ಲಿ ಅದೂ ಒಂದು. ಅವನ ವಂಶದವರ ಮನೆಯ ಅಟ್ಟದ ಮೇಲಿತ್ತು. ಹೌದು, ನಮ್ಮದರ ಹಾಗೆ ಅಟ್ಟದ ಮೇಲೇ! ಮಾರಾಟ ನಿಲ್ಲಿಸಿ ಅಂತ ನಮ್ಮವರು ಕೇಳಿದರೂ ಆಗಲಿಲ್ಲ. 60 ಸಾವಿರ ಪೌಂಡಿಗೆ ಹೋಯ್ತು, ಆಗಿನ ಲೆಕ್ಕದಲ್ಲಿ 54 ಲಕ್ಷ ರೂಪಾಯಿ. ಆ ಬಂದೂಕಿಗೂ ಏಟು ಬಿದ್ದಿತ್ತು. ಆದರೆ ಅದು ಯುದ್ಧದಲ್ಲಿ ಬಿದ್ದ ಏಟು, ಯಾರ ಯುದ್ಧ ಅನ್ನೋದೂ ಗೊತ್ತಿತ್ತು, ಯಾರ ಮನೆಗೆ ಬಂತು ಅನ್ನೋದೂ ಗೊತ್ತಿತ್ತು. ಏಟೇ ಬೆಲೆ ಏರಿಸಿತು. ನಮ್ಮದಕ್ಕೆ ಬಿದ್ದಿರೋದು ಕುಂಬಳಕಾಯಿ ಏಟು...

ಇಲ್ಲಿಯವರೆಗೆ ಬರೀ ಲೆಕ್ಕ. ನಿದ್ದೆಗೆಡಿಸಿದ್ದು ಬೇರೆ ವಿಷಯ. ಇದು ಗಣಿ ಊರಿಗೆ ಯಾಕೆ ಬಂತು?

ಯೋಚಿಸಿದರೆ ನಮ್ಮೂರಿನ ಚಿನ್ನದ ಕಥೆಯಲ್ಲಿ ಮೊದಲಿಂದಲೂ ಸಿಪಾಯಿಗಳೇ. 1799ರ ಯುದ್ಧದ ನಂತರ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, 1802ರಲ್ಲಿ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯೋದನ್ನ ಬರೆದಿಟ್ಟ. ಅದನ್ನು ಎಷ್ಟೋ ವರ್ಷಗಳ ಮೇಲೆ ಓದಿ ಎತ್ತಿನ ಗಾಡಿಯಲ್ಲಿ ಹುಡುಕಿಕೊಂಡು ಬಂದ ಲವೆಲ್, ನ್ಯೂಜಿಲೆಂಡಿನಲ್ಲಿ ಮಾವೋರಿಗಳ ವಿರುದ್ಧ ಕಾದಾಡಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಸೈನಿಕ. ಆಮೇಲೆ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಗಣಿ ನಡೆಸಿದರು. ಗಣಿಯ ಬಿಳಿಯರು, ಆಂಗ್ಲೋ-ಇಂಡಿಯನ್ನರು ಸೇರಿ ಒಂದು ಸ್ವಯಂಸೇವಕ ಸೈನ್ಯವೂ ಇತ್ತು, ಕೋಲಾರ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಅಂತ. 1920ರ ನಂತರ ಅದು ಆಕ್ಸಿಲಿಯರಿ ಫೋರ್ಸ್‌ನ ಭಾಗ. ವಾರದ ದಿನ ಗಣಿ ಕೆಲಸ, ಬಿಡುವಿನಲ್ಲಿ ಯೂನಿಫಾರ್ಮ್ ಹಾಕಿ ಕವಾಯತು. ಲೀ-ಎನ್‌ಫೀಲ್ಡ್ ಕಾಲದ ಪಡೆ ಅದು, 1947ರಲ್ಲಿ ಮುಗಿಯಿತು.

ನಮ್ಮಜ್ಜನಂಥವರಿಗೆ ಆ ಪಡೆಗೆ ಸೇರುವ ಹಾಗಿರಲಿಲ್ಲ. ಅವರು ಬಂದೂಕಿನ ಈಚೆ ಬದಿಯವರು. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿ ಅಂದಾಗ ಇಡೀ ಗಣಿಯ ಕಾರ್ಮಿಕರು ಮುಷ್ಕರ ಹೂಡಿದ್ದರು. ಅಂಥ ಊರಿನಲ್ಲಿ ದೊರೆಯ ಕೈಯಲ್ಲಿರುವ ಸನೀನು ಯಾರ ಕಡೆಗೆ ನೆಟ್ಟಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಅದೇ ಜಾತಿಯ ಸನೀನನ್ನು ಅಜ್ಜ ದುಡ್ಡು ಕೊಟ್ಟು ಮನೆಗೆ ತಂದು ದೇವರ ಮುಂದೆ ಇಟ್ಟರು ಅನ್ನೋ ಅಜ್ಜಿಯ ಕಥೆ ನನಗೆ ಬಹಳ ಇಷ್ಟ. ಅಳಿಸಿಹೋದ ಆ ಜಾಗದಲ್ಲಿ ಬೆಟಾಲಿಯನ್ನಿನ ಒಂದು ಗುರುತು ಇದ್ದಿದ್ದರೆ? ಹಿಡಿಯ ಮೇಲೆ ಪಡೆಯ ಗುರುತಿರುವ ಬಯೋನೆಟ್ಟಿಗೆ ಸಂಗ್ರಾಹಕರು ಹೆಚ್ಚು ಕೊಡ್ತಾರೆ. ನನಗೆ ದುಡ್ಡಿಗಿಂತ ಅಜ್ಜಿ ಹೇಳಿದ್ದು ನಿಜ ಅಂತ ತೋರಿಸೋಕೆ ಬೇಕಿತ್ತು.

ಬೆಳಿಗ್ಗೆ ಕಾಫಿ ಕುಡೀತಾ ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಒರೆ ಇಲ್ಲ, ಗುರುತಿಲ್ಲ, ಸಾಣೆ ಹಿಡಿದಿದೆ, 40-50 ಡಾಲರ್ ಮೇಲೆ ಯಾರೂ ಕೊಡಲ್ಲ. "ಸರಿ, ಅಮೆರಿಕಕ್ಕೇ ಕಳಿಸು, ನಿನ್ನ ಫ್ರೆಂಡ್ಸ್ ಇದ್ದಾರಲ್ಲ" ಅಂದರು. ಅದೂ ಆಗಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ್ದು ಪುರಾತನ ವಸ್ತು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ಜೈಲು. ಮೊದಲ ಮಹಾಯುದ್ಧದ ಬಯೋನೆಟ್ಟುಗಳೆಲ್ಲ ಈಗ ಆ ಗಡಿ ದಾಟಿಬಿಟ್ಟಿವೆ. ಮೇಲಿಂದ ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಿ ಕತ್ತಿ, ಈಟಿಗಳ ಜೊತೆ ಬಯೋನೆಟ್ಟಿನ ಹೆಸರೂ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗಗಳಲ್ಲಿ ಇಂಥದ್ದಕ್ಕೂ ಲೈಸೆನ್ಸ್ ಬೇಕು.

"ಹಂಗಾದ್ರೆ ಇಲ್ಲೇ?" ಅಂದರು. ಗುಜರಿಯವನನ್ನು ಆಗಲೇ ಕೇಳಿದ್ದರಂತೆ. ತಕ್ಕಡಿಗೆ ಹಾಕಿ 15 ರೂಪಾಯಿ ಅಂದನಂತೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕಬ್ಬಿಣ ಅಂದ್ರೆ ತೂಕ ಅನ್ನೋದು ಆಮೇಲಿಂದ ನಮ್ಮೂರಿಗೆ ಚೆನ್ನಾಗಿ ಅಭ್ಯಾಸವಾಗಿದೆ.

ಫೀಸಿನ ಮೊದಲ ಕಂತು ನಾನು ಕಟ್ಟೋದು ಅಂತ ಮಾತಾಯ್ತು. ಚಿಕ್ಕಪ್ಪ ಒಪ್ಪೋಕೆ ಅರ್ಧ ದಿನ ಹಿಡೀತು.

ಮಧ್ಯಾಹ್ನ ಪೂಜೆ ಹೊತ್ತಿಗೆ ಅಭ್ಯಾಸಬಲದಿಂದ ಉಪ್ಪು ಕಾಗದ ಹಿಡಿದು ಕೂತರು. ಬೇಡ ಚಿಕ್ಕಪ್ಪ ಅಂದೆ. "ಇನ್ನೇನು ಉಳಿದಿದೆ ಅಂತ?" ಅಂದರು. ಅರ್ಧ ಕಿರೀಟ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಆ ಬದಿ ಬಿಟ್ಟು ಇನ್ನೊಂದು ಬದಿ ಮಾತ್ರ ಉಜ್ಜಿದರು. ಕುಂಬಳ ಈ ಸಲ ಒಂದೇ ಏಟಿಗೆ ಒಡೆಯಲಿಲ್ಲ, ಮೂರು ಬೇಕಾಯ್ತು.