ದೊಡ್ಡ ಮಾನಿಟರೂ, ಕೆಂಪು ಸೀರೆ ದೊಡ್ಡತ್ತೆಯೂ

ಹೋದ ಮಳೆಗಾಲದಲ್ಲಿ ನಾಗಂದಿಗೆ ಮೇಲಿದ್ದ ಟ್ರಂಕು ಇಳಿಸಿ ನೋಡಿರೆ, ಹಳೇ ಫೋಟೋಕ್ಕೆಲ್ಲ ಬೂಸ್ಲು ಹಿಡಿಯಲೆ ಶುರುವಾಗಿತ್ತು. ಒಂದೊಂದೇ ಒರೆಸಿ, ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕನ ಹೇಳಿ ಕೂತಿ. ಮಗ ಓದುವಾಗ 2011ರಲ್ಲಿ ತಗಂಡಿದ್ದ ಕಂಪ್ಯೂಟರು ಯಂಗ್ಳ ಮನೇಲಿ ಇನ್ನೂ ಇದ್ದು. ಅವ ಬೆಂಗಳೂರಿಗೆ ಹೋದ ಮೇಲೆ ಅದು ಯನ್ನ ಪಾಲಿಗೆ ಬಂತು. ಹೊಲಿಗೆ ಮಷಿನ್ನಿನ ಪಕ್ಕದ ಎತ್ತರದ ಮೇಜಿನ ಮೇಲೆ ಅದರ 18.5 ಇಂಚಿನ ಮಾನಿಟರು.

ಟ್ರಂಕಿನಲ್ಲಿದ್ದ ಫೋಟೋದಲ್ಲಿ ದೊಡ್ಡದು ಹೇಳಿರೆ ಚಿಕ್ಕಮಾವನ ಉಪನಯನದ್ದು, 1957ರದ್ದು. ಹಿಂದಿನ ವರ್ಷ ನವೆಂಬರ್ 1ಕ್ಕೆ ಯಂಗ್ಳ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತ್ತು. ಜೋಗದಲ್ಲಿ ಕರೆಂಟು ಹುಟ್ಟಿ ಹತ್ತು ವರ್ಷ ಆಗ್ತಾ ಬಂದಿದ್ರೂ ಯಂಗ್ಳ ಊರಿಗೆ ಬಂದಿತ್ತಿಲ್ಲೆ. ಹಾಂಗಾಗಿ ಫೋಟೋ ತೆಗೆಯವು ಹೇಳಿರೆ ಅಂಗಳಕ್ಕೇ ಬರವು. ಪೇಟೆಯಿಂದ ಬಂದ ಫೋಟೋದವ ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹುಗಿಸಿ ತೆಗೆದಿದ್ನಡ. ನೆಗೆಟಿವ್ ಎಷ್ಟು ದೊಡ್ಡದೋ ಫೋಟೋನೂ ಅಷ್ಟೇ ದೊಡ್ಡದು. ಹಾಫ್ ಪ್ಲೇಟ್ ಹೇಳ್ತ ಅದಕ್ಕೆ, ಸುಮಾರು ನಾಲ್ಕೂ ಮುಕ್ಕಾಲು ಇಂಚು ಅಗಲ, ಆರೂವರೆ ಇಂಚು ಉದ್ದ. ದೊಡ್ಡ ಮಾಡಿ ಪ್ರಿಂಟ್ ಹಾಕಿದ್ದಲ್ಲ, ನೆಗೆಟಿವ್ವನ್ನೇ ಕಾಗದಕ್ಕೆ ತಾಗಿಸಿ ತೆಗೆದಿದ್ದು. ಅದಕ್ಕಾಗಿ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ವಿವರ ಕೂತಿರ್ತು.

ಫೋಟೋದಲ್ಲಿ ಇಪ್ಪತ್ತಮೂರು ಜನ. ನಡುವೆ ವಟು, ಬಲಗಡೆ ಗಂಡಸರು, ಎಡಗಡೆ ಮುತ್ತೈದೆಯರು. ಆಗಷ್ಟೇ ಮದುವೆಯಾಗಿ ಬಂದಿದ್ದ ಯನ್ನ ಅತ್ತೆ ಕಡೇಲಿ ನಿಂತಿದ್ದು. ಹಿಂದೆ ಒಳಬಾಗ್ಲು, ಅಲ್ಲಿ ಬರೀ ಕಪ್ಪು.

ಒಂದು ದಿನ ಆನು ಈ ಫೋಟೋದ ಕಲೆ ತೆಗೀತಾ ಕೂತಿದ್ದಿ. ಅತ್ತೆಗೆ ಈಗ 86. ಚಾ ಕುಡಿದ ಲೋಟ ಹಿಡ್ಕಂಡು ಯನ್ನ ಕುರ್ಚಿ ಬೆನ್ನು ಹಿಡಿದು ನಿಂತು ನೋಡಿ, "ಬಾಗ್ಲಲ್ಲಿ ದೊಡ್ಡತ್ತೆ ನಿಂತಿದ್ದಲೇ!" ಹೇಳಿದ್ದು. ಯಂಗೆ ಎಂತದೂ ಕಾಣ್ತಿತ್ತಿಲ್ಲೆ. ಅತ್ತೆಗೆ ಭ್ರಮೆ ಹೇಳಿ ಮಾಡ್ದಿ. ಆಮೇಲೆ ಎದ್ದು ನಿಂತು ಅವರ ಜಾಗದಿಂದ ನೋಡ್ದಿ. ಹೌದು, ಕತ್ತಲೆಲಿ ಯಾರೋ ಇದ್ದ ಹಾಂಗೆ ಇದ್ದು. ಕೂತರೆ ಇಲ್ಲೆ, ನಿಂತರೆ ಇದ್ದು!

ದೊಡ್ಡತ್ತೆ ಹೇಳಿರೆ ಮಾವಯ್ಯನ ಸೋದರತ್ತೆ. ಸಣ್ಣ ಪ್ರಾಯಕ್ಕೇ ಗಂಡ ತೀರಿ, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದ್ವಡ. ಈ ಮನೆಯ ಒಲೆ ಮುಂದೆ ನಲವತ್ತು ವರ್ಷ ಬೇಯಿಸಿ ಹಾಕಿದ ಜೀವ ಅದು. ಶುಭಕಾರ್ಯದ ಫೋಟೋಕ್ಕೆ ಅಂಥವು ನಿಲ್ಲಲಾಗ. ಹಾಂಗಾಗಿ ಮನೇಲಿ ಅದರ ಒಂದು ಪಟವೂ ಇತ್ತಿಲ್ಲೆ.

ಮಗಂಗೆ ಫೋನ್ ಮಾಡಿ ಕೇಳ್ದಿ, "ತಮಾ, ಕೂತರೆ ಕಾಣದ್ದು ನಿಂತರೆ ಹ್ಯಾಂಗೆ ಕಾಣ್ತು?" "ಆಯೀ, ಅದು ಟಿಎನ್ ಪ್ಯಾನೆಲ್ಲು. ಮೇಲಿಂದ ನೋಡಿರೆ ಕಪ್ಪು ಬೆಳ್ಳಗಾಗ್ತು, ಕೆಳಗಿಂದ ನೋಡಿರೆ ಇನ್ನೂ ಕಪ್ಪಾಗ್ತು. ಫೋಟೋ ಕೆಲಸಕ್ಕೆ ಅದು ಆಗ್ತಿಲ್ಲೆ. ಬೇರೆ ದೊಡ್ಡದು ತಗ" ಹೇಳ್ದ.

ಅಲ್ಲಿಂದ ಯನ್ನ ಮಾನಿಟರ್ ಪಾಠ ಶುರು. ಈ ಪರದೆಗೂ ಒಂದು ಚರಿತ್ರೆ ಇದ್ದು. 1897ರಲ್ಲಿ ಜರ್ಮನಿಯ ಬ್ರೌನ್ ಹೇಳುವ ವಿಜ್ಞಾನಿ ಗಾಜಿನ ಕೊಳವೆಯೊಳಗೆ ಬೆಳಕಿನ ಚುಕ್ಕೆ ಓಡಿಸಿದ. ಯಂಗ್ಳ ಹಳೇ ಡಬ್ಬಿ ಟೀವಿ, ಡಬ್ಬಿ ಮಾನಿಟರು ಎಲ್ಲ ಅದರ ಮಕ್ಕ. 1987ರಲ್ಲಿ ಐಬಿಎಂ ಕಂಪನಿಯವು ವಿಜಿಎ ತಂದ. ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕೆ. ಅದೇ ವರ್ಷ ಅಮೆರಿಕದಲ್ಲಿ ಥಾಮಸ್ ನೋಲ್ ಹೇಳುವ ವಿದ್ಯಾರ್ಥಿಯ ಕಂಪ್ಯೂಟರ್ ಪರದೆಲಿ ಕಪ್ಪು, ಬಿಳಿ ಎರಡೇ ಕಾಣ್ತಿತ್ತಡ, ನಡುವಿನ ಬೂದು ಛಾಯೆ ಇಲ್ಲೆ. ಆ ಛಾಯೆ ತೋರಿಸಲೆ ಹೇಳಿ ಅವ ಬರೆದ ಪ್ರೋಗ್ರಾಮೇ ಬೆಳೆದು 1990ರಲ್ಲಿ ಫೋಟೋಶಾಪ್ ಆಗಿ ಬಂತು. ಇದನ್ನು ಓದಿದಾಗ ಯಂಗೆ ನಗು ಬಂತು. ಯನ್ನ ತೊಂದರೆಯೂ ಅದೇ ಅಲ್ದಾ, ಫೋಟೋದಲ್ಲಿ ಇದ್ದು, ಪರದೆಲಿ ಇಲ್ಲೆ!

ಯಾವ ಕಡೆಯಿಂದ ನೋಡಿದ್ರೂ ಬಣ್ಣ ಬದಲಾಗದ ಐಪಿಎಸ್ ಪ್ಯಾನೆಲ್ಲನ್ನು ಜಪಾನಿನ ಹಿಟಾಚಿ ಕಂಪನಿಯವು 1996ರಲ್ಲಿ ಹೊರಗೆ ತಂದ. ಮೊದಮೊದಲು ತುಟ್ಟಿ, ಈಗ ಯಂಗ್ಳಂಥವಕ್ಕೂ ಸಿಗ್ತು.

ಅಂಗಡಿಗೆ ಹೋದರೆ ಅಲ್ಲಿಯ ಮಾಣಿ 27 ಇಂಚಿನದ್ದನ್ನೇ ತೋರಿಸ್ದ. "ಅಕ್ಕಾ, ದೊಡ್ಡದಿದ್ದಷ್ಟೂ ಒಳ್ಳೇದು." ಆನು ಹಿಂದಿನ ರಾತ್ರಿ ಲೆಕ್ಕ ಮಾಡ್ಕಂಡು ಹೋಗಿದ್ದಿ. ಯನ್ನ ಹಳೇ ಪರದೆಲಿ 1366 ಗುಣಿಸು 768, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕೆ. ಫುಲ್ ಎಚ್‌ಡಿ ಹೇಳಿರೆ 1920 ಗುಣಿಸು 1080, ಇಪ್ಪತ್ತು ಲಕ್ಷದ ಮೇಲೆ. ಉಪನಯನದ ಫೋಟೋ 600 ಡಿಪಿಐಗೆ ಸ್ಕ್ಯಾನ್ ಮಾಡಿರೆ ಒಂದು ಕೋಟಿ ಹತ್ತು ಲಕ್ಷ ಚುಕ್ಕೆ. ಹಳೇದರಲ್ಲಿ ಒಂದು ಸಲಕ್ಕೆ ಅದರ ಹತ್ತನೇ ಒಂದು ಪಾಲು ಕಾಣ್ತು, ಹೊಸದರಲ್ಲಿ ಐದನೇ ಒಂದು ಪಾಲು. ಆದರೆ 24 ಇಂಚಿನ ಫುಲ್ ಎಚ್‌ಡಿಲೂ, 27 ಇಂಚಿನ ಫುಲ್ ಎಚ್‌ಡಿಲೂ ಚುಕ್ಕೆ ಅಷ್ಟೇ! ಒಂದೇ ಹಿಟ್ಟನ್ನು ಸಣ್ಣ ಕಾವಲಿಗೂ ದೊಡ್ಡ ಕಾವಲಿಗೂ ಹರಡಿದ ಹಾಂಗೆ. 27ರಲ್ಲಿ ಒಂದೊಂದು ಚುಕ್ಕೆ ಯನ್ನ ಹಳೇ ಮಾನಿಟರಿನದ್ದಕ್ಕಿಂತ ದೊಡ್ಡದಾಗ್ತು. ಹತ್ತಿರ ಕೂತು ನೋಡುವವಕ್ಕೆ 24 ಸಾಕು.

"ಹಾಂಗಾರೆ 4ಕೆ ತಗಳಿ" ಹೇಳ್ದ. ಅದಕ್ಕೂ ಉತ್ತರ ಇತ್ತು. ಹಳೇ ಕಂಪ್ಯೂಟರಿನ ಹಿಂದೆ ಎರಡೇ ಕಿಂಡಿ, ನೀಲಿ ವಿಜಿಎ, ಬಿಳಿ ಡಿವಿಐ. ಸಾಮಾನ್ಯ ಡಿವಿಐನಲ್ಲಿ ಹೋಪದು ಹೆಚ್ಚೆಂದರೆ 1920 ಗುಣಿಸು 1200. ಸಣ್ಣ ದಣಪೆಯಲ್ಲಿ ಲಾರಿ ಹೊಗ್ತಾ?

ಕಡೆಗೆ 24 ಇಂಚಿನ ಐಪಿಎಸ್ ತಗಂಡಿ. ಅಪ್ಪೆಮಿಡಿ ಉಪ್ಪಿನಕಾಯಿ ಮಾರಿದ ದುಡ್ಡು ಅದಕ್ಕೇ ಹೋತು. ಮನೆಗೆ ತಂದು ವಿಜಿಎ ವಯರು ಹಾಕಿರೆ ಅಕ್ಷರ ಎಲ್ಲ ಮಸುಕು, ಅಯ್ಯೋ ದುಡ್ಡು ಹಾಳಾತು ಹೇಳಿ ಅಳು ಬಪ್ಪದೊಂದು ಬಾಕಿ. ಮಗ ಹೇಳಿದ ಹಾಂಗೆ ಒಂದು ತುದಿ ಡಿವಿಐ, ಇನ್ನೊಂದು ತುದಿ ಎಚ್‌ಡಿಎಂಐ ಇಪ್ಪ ವಯರು ತರಿಸಿ ಹಾಕಿದ ಮೇಲೆ ಸರಿಯಾತು. ಕಿಟಕಿ ಬೆಳಕು ಬೀಳದ ಹಾಂಗೆ ಮೇಜು ತಿರುಗಿಸಿ, ಮಾನಿಟರನ್ನು ಕಣ್ಣಿನ ಮಟ್ಟಕ್ಕೆ ಇಳಿಸಿ, ಕಣ್ಣು ಕುಕ್ಕುವ ಬ್ರೈಟ್‌ನೆಸ್ ಕಡಿಮೆ ಮಾಡ್ದಿ. ಜಿಂಪ್ ಹೇಳುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಬಾಗ್ಲ ಜಾಗವನ್ನಷ್ಟೇ ಆರಿಸಿ ನಿಧಾನಕ್ಕೆ ಬೆಳಕು ಏರಿಸ್ದಿ.

ಬಂತು. ಮೊದಲು ಸೆರಗು ಹೊದ್ದ ತಲೆ, ಆಮೇಲೆ ಕೆನ್ನೆ, ಬಾಗ್ಲ ಚೌಕಟ್ಟು ಹಿಡಿದ ಕೈ.

ಸೀರೆ ಮಾತ್ರ ಎಷ್ಟು ಮಾಡಿದ್ರೂ ಕಪ್ಪೇ. ಅದಕ್ಕೂ ಒಂದು ಕಾರಣ ಇದ್ದಿಕ್ಕು. ಹಳೇ ಕಾಲದ ಎಷ್ಟೋ ಫಿಲ್ಮು, ಪ್ಲೇಟು ಆರ್ಥೋಕ್ರೊಮ್ಯಾಟಿಕ್ ಜಾತಿಯದ್ದು, ಅದಕ್ಕೆ ಕೆಂಪು ಬೆಳಕು ತಾಗ್ತಿಲ್ಲೆ. ಕೆಂಪೆಲ್ಲ ಕಪ್ಪಾಗಿ ಬೀಳ್ತು. ಈ ಫೋಟೋದ ಮುತ್ತೈದೆಯರ ಕುಂಕುಮವೂ ಕಪ್ಪೇ ಇದ್ದು. ಬಿಸಿಲಿನ ಅಂಗಳ, ಕತ್ತಲೆ ಬಾಗ್ಲು, ಕೆಂಪು ಸೀರೆ. ಊರಿನ ಶಾಸ್ತ್ರ ಹೊರಗಿಟ್ಟ ಜೀವವನ್ನು ಫಿಲ್ಮೂ ಹೊರಗಿಟ್ಟಿತ್ತು.

ಅಣ್ಣನ ಮಗಳು, "ಅತ್ತೆ, ಎಐ ಆ್ಯಪಿಗೆ ಹಾಕು, ಮುಖ ಚೊಕ್ಕ ಮಾಡಿ ಕೊಡ್ತು" ಹೇಳಿದ್ದು. ಆನು ಹಾಕಿದ್ದಿಲ್ಲೆ. ಕಾಣದ ಕಡೆ ಅದು ತನಗೆ ಕಂಡ ಹಾಂಗೆ ಕಣ್ಣು, ಮೂಗು ತುಂಬ್ತು. ಚೊಕ್ಕ ಮುಖ ಬಕ್ಕು, ಆದರೆ ಅದು ಬೇರೆ ಯಾರದ್ದೋ. ಇಷ್ಟು ವರ್ಷದ ಮೇಲೆ ಸಿಕ್ಕ ದೊಡ್ಡತ್ತೆಯನ್ನು ಮತ್ತೊಂದ್ಸಲ ಅಳಿಸಲೆ ಯಂಗೆ ಮನಸ್ಸು ಬಂದಿದ್ದಿಲ್ಲೆ.

ಅತ್ತೆಯನ್ನು ಕರೆದು ತೋರಿಸ್ದಿ. ಈ ಸಲ ಕುರ್ಚಿಲಿ ಕೂರಿಸಿಯೇ. ತುಂಬ ಹೊತ್ತು ನೋಡಿ, ಪರದೆ ಮೇಲೆ ಬೆರಳಿಟ್ಟು, "ಇನ್ನೊಂದು ಕೈಲಿ ಸೌಟು ಇದ್ದಲೇ" ಹೇಳಿದ್ದು. ಹೌದು, ಸೌಟೇ. ಆಮೇಲೆ ಅತ್ತೆ ನಿಧಾನಕ್ಕೆ ಹೇಳಿದ್ದು, "ಅಂದು ಪಾಯಸ ತಳ ಹತ್ತಿತ್ತು. ಎಲ್ಲರೂ ಬೈದ. ಎಲ್ಲಿಗೆ ಹೋಗಿದ್ದೆ ಕೇಳಿರೆ ಉತ್ತರ ಕೊಟ್ಟಿದ್ದಿಲ್ಲೆ. ಇಲ್ಲಿಗೆ ಬಂದಿತ್ತು."

ಶಿರಸಿಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ತಂದಿ. ಹಿಂದೆ ಇಪ್ಪತ್ತನಾಲ್ಕು ಹೆಸರು ಬರೆದಿಟ್ಟಿದ್ದಿ, ಅತ್ತೆ ಹೇಳಿದ ಹಾಂಗೆ. ನಿಂಗಳ ಟ್ರಂಕಿನ ಫೋಟೋಕ್ಕೂ ಹೆಸರು ಬರೆಸ್ಗಳಿ, ಹೇಳುವವು ಇಪ್ಪಾಗಲೇ.