ನರಸಿಂಹರಾಜಪುರ

ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಕೇಂದ್ರ. ಆಡುಮಾತಿನಲ್ಲಿ ಎನ್.ಆರ್.ಪುರ. ಹಳೆಯ ಹೆಸರು ಎಡೇಹಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ 1915ರಲ್ಲಿ ಈಗಿನ ಹೆಸರು ಬಂತು.

ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದ ಮೇಲೆ ಊರಿನ ಚಹರೆಯೇ ಬದಲಾಯಿತು. ಹಿನ್ನೀರು ಪೇಟೆಯ ಅಂಚಿನವರೆಗೂ ಬಂತು. ತರೀಕೆರೆಯಿಂದ ಕಾಡಿನ ನಡುವೆ ಬರುತ್ತಿದ್ದ ನ್ಯಾರೋ ಗೇಜ್ ರೈಲು ನಿಂತುಹೋಯಿತು. ಗದ್ದೆ, ಮನೆ ಕಳೆದುಕೊಂಡವರ ನಷ್ಟವನ್ನು ಮರೆತು ಈ ಜಲರಾಶಿಯ ಚೆಲುವನ್ನಷ್ಟೇ ಹೊಗಳುವುದು ನ್ಯಾಯವಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತುಂಬಿ ನಿಲ್ಲುವ ನೀರು ಬೇಸಿಗೆಯಲ್ಲಿ ದೂರ ಸರಿದು ದಡದ ನೆಲ ತೆರೆದುಕೊಳ್ಳುತ್ತದೆ.

ಇಲ್ಲಿ ತಪ್ಪದೆ ನೋಡಬೇಕಾದದ್ದು ಸಿಂಹನಗದ್ದೆಯ ದಿಗಂಬರ ಜೈನ ಮಠ ಮತ್ತು ಬಸದಿಗಳು. ಎಂಟನೆಯ ತೀರ್ಥಂಕರ ಚಂದ್ರಪ್ರಭನ ಯಕ್ಷಿ ಜ್ವಾಲಾಮಾಲಿನಿ ಇಲ್ಲಿನ ಪ್ರಧಾನ ದೇವತೆ. ಎಂಟು ಕೈ, ಕೋಣನ ವಾಹನ ಆಕೆಯ ಲಕ್ಷಣ. ಮಠದ ಪೀಠಾಧಿಪತಿಗಳಿಗೆ ಲಕ್ಷ್ಮೀಸೇನ ಭಟ್ಟಾರಕ ಎಂಬ ಪರಂಪರೆಯ ಹೆಸರಿದೆ. ಹೊಯ್ಸಳ ಗುಡಿಗಳ ಕುಸುರಿಯನ್ನು ಇಲ್ಲಿ ಹುಡುಕಬಾರದು. ಇಂದಿಗೂ ನಿತ್ಯಪೂಜೆ ನಡೆಯುವ ಜೀವಂತ ಕ್ಷೇತ್ರವಾಗಿರುವುದೇ ಇದರ ಹಿರಿಮೆ.

ಈಗ ಪಟ್ಟಣಕ್ಕೆ ರೈಲಿಲ್ಲ. ತರೀಕೆರೆ ಅಥವಾ ಶಿವಮೊಗ್ಗದಲ್ಲಿ ಇಳಿದು ಬಸ್ಸಿನಲ್ಲಿ ಬರಬೇಕು.